ಜೀವಕೋಶಗಳಿಗೆ ಮಾರ್ಚ್ ಮೂವತ್ತೊಂದು ಗೊತ್ತಿಲ್ಲ

ಮಾನವ ಅಂಗಾಂಶ ಸಂಶೋಧನೆಗೆ ಅನುದಾನ ಮಂಜೂರು ಮಾಡುವ ಸಮಿತಿಯ ಅಧ್ಯಕ್ಷರಿಗೆ, ಎಲ್ಲರೂ ಓದಲೆಂದು

ಮಾನ್ಯರೇ,

ನನ್ನ ಹೆಂಡತಿಯ ಕಣ್ಣಿಗೆಂದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಂತ ಪದರವೊಂದು ತಮ್ಮ ಸಹಿಗಾಗಿ ಕಾಯುತ್ತ ಈ ವರ್ಷದ ಏಪ್ರಿಲ್ ತಿಂಗಳಲ್ಲಿ ಸತ್ತುಹೋಯಿತು. ತಾವು ಯಾರನ್ನೂ ಕೊಂದಿಲ್ಲ, ನಿಜ. ಯಾವ ನಿಯಮವನ್ನೂ ಮುರಿದಿಲ್ಲ, ಅದೂ ನಿಜ. ಕಡತ ಮೇಜಿನ ಮೇಲಿತ್ತು, ಮೇಜಿನ ಹಿಂದಿನ ಕುರ್ಚಿ ಖಾಲಿ ಇತ್ತು, ಅಷ್ಟೇ. ಅಷ್ಟರಿಂದಲೇ ಒಬ್ಬ ಹೆಂಗಸು ಮತ್ತೆ ತನ್ನ ಕೋಣೆಯೊಳಗೆ ಹೋಗಿ ಕುಳಿತಿದ್ದಾಳೆ. ಹೊರಗೆ ಬರುವ ದಾರಿ ಎಲ್ಲಿದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು, ಅವಳ ವೈದ್ಯರಿಗೂ ಗೊತ್ತು. ಆ ದಾರಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡವರು ತಾವಾದ್ದರಿಂದ ಈ ಪತ್ರ ತಮಗೆ.

ನನ್ನ ಹೆಸರು ಚೌಡಣ್ಣ. ಕೂಡ್ಲಿಗಿಯ ತಾಲ್ಲೂಕು ಕಚೇರಿಯ ಎದುರು ಕುಳಿತು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. 'ತಾವು ದಯಮಾಡಿ ಪರಿಶೀಲಿಸಬೇಕಾಗಿ ಪ್ರಾರ್ಥನೆ' ಎಂಬ ವಾಕ್ಯವನ್ನು ನಾನು ಎಷ್ಟು ಸಲ ಬರೆದಿದ್ದೇನೆಂದರೆ ನನ್ನ ಕೈ ಅದನ್ನು ನನ್ನನ್ನು ಕೇಳದೆಯೇ ಬರೆಯುತ್ತದೆ. ಈ ಪತ್ರದಲ್ಲಿ ಆ ವಾಕ್ಯ ಇರುವುದಿಲ್ಲ. ಸಮಿತಿಗೆ ಆ ಧಾಟಿಯಲ್ಲಿ ಈಗಾಗಲೇ ಬರೆದು ನೋಡಿದ್ದೇನೆ. ಅದು ತಲುಪಿದ್ದಕ್ಕೂ ಗುರುತಿಲ್ಲ.

ನನ್ನ ಹೆಂಡತಿ ದುರ್ಗಾ ಕೊಟ್ಟೂರಿನವಳು. ನಮ್ಮೂರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅವಳ ಸಾರಿಗೆ ಮಾಸ್ತರರೂ ತಟ್ಟೆ ಹಿಡಿಯುತ್ತಿದ್ದರು. ಮಾತು ಜೋರು, ನಗು ಅದಕ್ಕಿಂತ ಜೋರು. ಮನೆಯಲ್ಲಿ ಸುಮ್ಮನೆ ಕೂರುವುದೆಂದರೆ ಅವಳಿಗೆ ಜ್ವರ ಬಂದಂತೆ. 2004ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನಾಚರಣೆ ಹತ್ತಿರ ಬಂತೆಂದು ಶಾಲೆಗೆ ಸುಣ್ಣ ಬಳಿಯಲು ನಿಶ್ಚಯಿಸಿದರು. ಅಡುಗೆಮನೆಯ ಪಕ್ಕದಲ್ಲೇ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಸುರಿದು ನೀರು ಹಾಕಿ, ಕೂಲಿಯವರು ಚಹಾ ಕುಡಿಯಲು ಹೋದರು. ಅದೇ ಹೊತ್ತಿಗೆ ಬಿಡುವಿನ ಗಂಟೆ ಹೊಡೆಯಿತು. ಡ್ರಮ್ಮು ಕೊತಕೊತ ಕುದಿಯುವುದನ್ನು ನೋಡಲು ಮಕ್ಕಳು ಸುತ್ತ ನೆರೆದವು. ಅಕ್ಕಿ ತೊಳೆಯುತ್ತಿದ್ದ ದುರ್ಗಾ ಓಡಿಹೋಗಿ ಅವನ್ನು ಎರಡೂ ಕೈಯಲ್ಲಿ ಹಿಂದಕ್ಕೆ ನೂಕಿದಳು. ಕೊನೆಯ ಮಗುವನ್ನು ಎಳೆದು ಆಚೆ ತಳ್ಳುವಾಗ ಡ್ರಮ್ಮು ಉಕ್ಕಿ ಸಿಡಿಯಿತು. ಮಕ್ಕಳಿಗೆ ಒಂದು ಹನಿಯೂ ತಾಗಲಿಲ್ಲ. ಸಿಡಿದದ್ದೆಲ್ಲ ಅವಳ ಮುಖಕ್ಕೆ, ಎರಡೂ ಕಣ್ಣಿಗೆ.

ಅವಳ ಜೊತೆಗೆ ಅಡುಗೆ ಮಾಡುತ್ತಿದ್ದ ಸುಂಕಮ್ಮ ಕೊಡ ಎತ್ತಿಕೊಂಡು ನೀರು ಸುರಿಯಲು ಬಂದಳಂತೆ. ಅಲ್ಲಿ ನೆರೆದವರು ಕೈ ಹಿಡಿದು ತಡೆದರು. "ಸುಣ್ಣಕ್ಕ ನೀರು ಹಾಕಿದ್ರ ಇನ್ನೂ ಕುದಿತೈತಿ, ಎಣ್ಣಿ ತರ್ರಿ" ಎಂದರು. ಹರಳೆಣ್ಣೆ ಹಾಕಿದರು. ನೀರು ಹಾಕಬೇಕಿತ್ತು, ಹಾಕುತ್ತಲೇ ಇರಬೇಕಿತ್ತು ಎಂಬುದು ನಮಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಇದನ್ನು ನಾನು ಯಾರನ್ನೂ ದೂರಲು ಬರೆಯುತ್ತಿಲ್ಲ. ಎಣ್ಣೆ ತಂದವರು ಪ್ರೀತಿಯಿಂದಲೇ ತಂದರು. ಇಂಥ ಗಾಯ ಎಲ್ಲಿ ಆಗುತ್ತದೆ, ಯಾರಿಗೆ ಆಗುತ್ತದೆ ಎಂಬುದು ತಮಗೆ ತಿಳಿಯಲಿ ಎಂದು ಬರೆದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಳ್ಳಾರಿಗೆ ಹೋದೆವು, ಹುಬ್ಬಳ್ಳಿಗೆ ಹೋದೆವು. ಕೊನೆಗೆ ದೂರದ ದೊಡ್ಡ ಊರೊಂದರ ಕಣ್ಣಾಸ್ಪತ್ರೆ ಸೇರಿದೆವು. ಸತ್ತ ಮೇಲೆ ಕಣ್ಣು ದಾನ ಮಾಡಿದ ಪುಣ್ಯಾತ್ಮರೊಬ್ಬರ ಕಣ್ಣಿನ ಪಟಲವನ್ನು, ಅಂದರೆ ಗುಡ್ಡೆಯ ಮೇಲಿನ ಗಾಜಿನಂಥ ಪೊರೆಯನ್ನು, ಅವಳ ಬಲಗಣ್ಣಿಗೆ ಕೂರಿಸಿದರು. ಕಟ್ಟು ಬಿಚ್ಚಿದ ದಿನ ಅವಳು ನನ್ನ ಅಂಗಿಯ ಗುಂಡಿ ಎಣಿಸಿದಳು. "ನಡುವಿನದೊಂದು ಕಿತ್ತೈತಿ, ಹಂಗಾ ಹಾಕ್ಕೊಂಡ್ ತಿರುಗ್ತೀರಲ್ಲ" ಎಂದು ಬೈದಳು. ಬೈಗುಳ ಕೇಳಿ ನಾನು ಅತ್ತದ್ದು ಅದೊಂದೇ ಸಲ. ದೀಪಾವಳಿ ಬರುವಷ್ಟರಲ್ಲಿ ಆ ಪಟಲ ಮಂಜಾಯಿತು, ಆಮೇಲೆ ಹಾಲಿನ ಬಣ್ಣಕ್ಕೆ ತಿರುಗಿತು, ಅದರ ಮೇಲೆ ಕೆಂಪು ನರಗಳು ಹಬ್ಬಿದವು. "ಬೆಳಕು ಗೊತ್ತಾಗತೈತಿ, ಬೆಳಕಿನಾಗ ಏನೈತಿ ಅನ್ನೋದು ಗೊತ್ತಾಗಲ್ಲ" ಎಂದಳು ದುರ್ಗಾ. ಅಂದಿನಿಂದ ಇಂದಿನವರೆಗೆ ಅವಳಿರುವುದು ಆ ಬೆಳ್ಳನೆಯ ಗೋಡೆಯೊಳಗೆ. ಕುರುಡೆಂದರೆ ಕತ್ತಲೆ ಎಂದು ನಾವು ತಿಳಿದಿದ್ದೇವೆ. ಅವಳದು ಬೆಳಕಿನ ಸೆರೆಮನೆ. ಬಿಸಿಲು ಚುಚ್ಚುತ್ತದೆ, ಗಾಳಿ ಉರಿಸುತ್ತದೆ, ರೆಪ್ಪೆ ಕಣ್ಣಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಹಗಲಿಡೀ ಕಿಟಕಿ ಮುಚ್ಚಿ ಒಳಕೋಣೆಯಲ್ಲಿ ಕೂರುತ್ತಾಳೆ. ಮೊದಮೊದಲು ಅಕ್ಕಪಕ್ಕದವರು ಮಾತಾಡಿಸಲು ಬರುತ್ತಿದ್ದರು. ಅವರ ಲೊಚಗುಟ್ಟುವಿಕೆ ಕೇಳಲಾರದೆ ಅವಳೇ ಒಳಗಿನಿಂದ ಚಿಲಕ ಹಾಕತೊಡಗಿದಳು. ಪಕ್ಕದ ಮನೆಯ ಗಾದೆಮ್ಮ ಮಾತ್ರ ಬಾಗಿಲ ಹೊರಗೆ ಕುಳಿತು, ಒಳಗಿನಿಂದ ಉತ್ತರ ಬಂದರೂ ಬಾರದಿದ್ದರೂ ಊರಿನ ಸುದ್ದಿ ಹೇಳಿ ಹೋಗುತ್ತಾಳೆ.

ನಮಗೊಬ್ಬ ಮಗಳಿದ್ದಾಳೆ, ಅರ್ಚನಾ. ಅಮ್ಮ ಕಣ್ಣು ಕಳೆದುಕೊಂಡಾಗ ಅವಳಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಈಗ ದುರ್ಗಾ ಬೆರಳಿನಿಂದ ಅವಳ ಒಸಡು ಮುಟ್ಟಿ ಹೊಸ ಹಲ್ಲು ಬಂತೇ ಎಂದು ನೋಡುತ್ತಾಳೆ. ಬಾಗಿಲಲ್ಲಿ ನಿಲ್ಲಿಸಿ ಎತ್ತರ ಅಳೆಯುತ್ತಾಳೆ. "ನನ್ನ ಕಣ್ಣಾಗ ಈಕಿ ಇನ್ನೂ ಸಣ್ಣಾಕಿ ಅದಾಳ, ಕೈಗೆ ಸಿಗಾಕಿ ಬ್ಯಾರೇನ ಅದಾಳ" ಎಂದು ಒಮ್ಮೆ ನನಗೆ ಹೇಳಿದಳು.

ಮಾನ್ಯರೇ, ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಆ ಆಸ್ಪತ್ರೆಯಲ್ಲಿ ಡಾ. ಪುಷ್ಪಲತಾ ಎಂಬವರು ಅಂಗಾಂಶ ಬೆಳೆಸುವ ಸಂಶೋಧನೆ ಮಾಡುತ್ತಿದ್ದರು. ಹರಪನಹಳ್ಳಿ ಕಡೆಯವರು. ದುರ್ಗಾಳ ಮಾತು ಕೇಳುತ್ತಲೇ "ಯಾವೂರಮ್ಮ ನಿಂದು?" ಎಂದು ವಿಚಾರಿಸಿ, ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡವರು. ಇನ್ನೊಬ್ಬರ ಪಟಲ ಏಕೆ ನಿಲ್ಲಲಿಲ್ಲ ಎಂಬುದನ್ನು ಅವರು ಬಿಡಿಸಿ ಹೇಳಿದರು. ಕಪ್ಪುಗುಡ್ಡೆಯ ಅಂಚಿನಲ್ಲಿ ಸದಾ ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳಿರುತ್ತವಂತೆ. ಸುಣ್ಣ ಅವನ್ನೇ ಸುಟ್ಟುಬಿಟ್ಟಿದೆ. "ಮೇಲಿನ ಮಣ್ಣೇ ಸುಟ್ಟೈತೆ ಕಣಮ್ಮ. ಬೇರೆಯವರ ಸಸಿ ತಂದು ನೆಟ್ಟರೆ ಎಲ್ಲಿ ಬೇರು ಬಿಡಬೇಕು? ಮೊದಲು ಮಣ್ಣು ಹಾಕಬೇಕು" ಎಂದರು. ಆ ಮಣ್ಣು ಅವಳ ಬಾಯಲ್ಲೇ ಇದೆಯಂತೆ. ಕೆನ್ನೆಯ ಒಳಭಾಗದಿಂದ ಸಣ್ಣದೊಂದು ಚೂರು ತೆಗೆದು, ಹೆರಿಗೆಯ ಮಾಸಿನಿಂದ ಬಿಡಿಸಿದ ತೆಳುಪೊರೆಯ ಮೇಲೆ ಬಟ್ಟಲಿನಲ್ಲಿಟ್ಟು ಬೆಳೆಸಿದರೆ ಮೂರು ವಾರದಲ್ಲಿ ಒಂದು ಪದರ ಆಗುತ್ತದೆ. ಅದನ್ನು ಎಡಗಣ್ಣಿನ ಮೇಲೆ ಹೊದಿಸಬಹುದು. ಅವಳದೇ ಮೈಯಾದ್ದರಿಂದ ಕಣ್ಣು ಅದನ್ನು ಪರಕೀಯವೆಂದು ದೂಡುವುದಿಲ್ಲ.

ದುರ್ಗಾ ನಾಲಗೆಯಿಂದ ಕೆನ್ನೆಯ ಒಳಗನ್ನು ತಡವಿಕೊಂಡಳು. ಆಮೇಲೆ ಕೇಳಿದಳು: "ಮಾಸು ನಾವು ಹುಗಿತೀವಿ ಡಾಕ್ಟರಮ್ಮ. ಅದ್ರ ಮ್ಯಾಲ ನನ್ನ ಕಣ್ಣು ಬೆಳಿತೈತೇನ್ರಿ?"

"ಬೆಳೆಯುತ್ತೆ. ಆದರೆ ಇದು ಇನ್ನೂ ಪ್ರಯೋಗ. ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ."

"ಮಾತು ಕೊಡಲ್ಲ ಅಂದ್ರಲ್ಲ, ಅದಕ್ಕಾ ನಂಬಿಕಿ ಬಂತು ನೋಡ್ರಿ. ತಕ್ಕೊಳ್ರಿ" ಎಂದಳು ದುರ್ಗಾ.

ನಾವು ಅಲ್ಲಿಗೆ ಬರುವ ಮುಂಚೆ ಡಾಕ್ಟರು ಬೇರೆ ಕೆಲವರಿಗೆ ಇದೇ ಚಿಕಿತ್ಸೆ ಮಾಡಿದ್ದರು. ಅವರಲ್ಲಿ ಕೆಲವರಿಗೆ ನೋಟ ಬಂದಿತ್ತು, ಕೆಲವರಿಗೆ ಬಂದಿರಲಿಲ್ಲ. ಅದನ್ನೂ ಮುಚ್ಚಿಡಲಿಲ್ಲ. ಈ ವರ್ಷದ ಮಾರ್ಚ್ ಮೊದಲ ವಾರದಲ್ಲಿ ಅವಳ ಬಲಗೆನ್ನೆಯ ಒಳಗಿನಿಂದ ಚೂರು ತೆಗೆದರು. ಮಗಳನ್ನು ಗಾದೆಮ್ಮನ ಹತ್ತಿರ ಬಿಟ್ಟು ನಾವಿಬ್ಬರೂ ಆಸ್ಪತ್ರೆಯ ಹಿಂದಿನ ಛತ್ರದಲ್ಲಿ ಉಳಿದೆವು. ಆ ದಿನಗಳಲ್ಲಿ ನನ್ನ ಹೆಂಡತಿ ಚಿಲಕ ಹಾಕಲಿಲ್ಲ. ದಿನಾ ಬೆಳಿಗ್ಗೆ ಅವಳ ಮೊದಲ ಪ್ರಶ್ನೆ "ಬೆಳದೈತಂತೇನ್ರಿ?" ಬಸುರಿಯಂತೆ ಕಾಯುತ್ತಿದ್ದಳು. ಖಾರ ಬಿಟ್ಟಳು, ಬಾಯಿ ಮುಕ್ಕಳಿಸುವಾಗಲೂ ಜೋಪಾನ. ತಿಂಗಳ ಕೊನೆಗೆ ಡಾಕ್ಟರು ಬಂದು ಪದರ ಬಟ್ಟಲು ತುಂಬ ಹರಡಿದೆ, ಗಟ್ಟಿಯಾಗಿದೆ, ಇನ್ನು ಕೆಲವು ದಿನದಲ್ಲಿ ಹೊದಿಸಬಹುದು ಎಂದರು. ಆದರೆ ಅವರ ದನಿಯಲ್ಲಿ ಸಂತೋಷ ಇರಲಿಲ್ಲ.

ಏಕೆಂದರೆ ಮಾನ್ಯರೇ, ಅಷ್ಟರಲ್ಲಿ ತಮ್ಮ ಆರ್ಥಿಕ ವರ್ಷ ಮುಗಿಯುತ್ತಿತ್ತು. ಯೋಜನೆಯ ಅವಧಿ ಮಾರ್ಚ್ ಮೂವತ್ತೊಂದರವರೆಗೆ. ಅದನ್ನು ಮುಂದುವರಿಸಲು ಡಾಕ್ಟರು ಹಿಂದಿನ ವರ್ಷವೇ ಬರೆದಿದ್ದರು. ಮುಂದುವರಿಯುತ್ತದೆ, ಔಪಚಾರಿಕ ಆದೇಶ ಮಾತ್ರ ಬಾಕಿ ಎಂದು ತಮ್ಮ ಕಚೇರಿಯೇ ಬಾಯಿಮಾತಿನಲ್ಲಿ ತಿಳಿಸಿತ್ತಂತೆ. ಆ ಭರವಸೆಯ ಮೇಲೆಯೇ ಚೂರು ತೆಗೆದದ್ದು. ಪ್ರಯೋಗಾಲಯದಲ್ಲಿ ಬೆಳೆದ ಅಂಗಾಂಶವನ್ನು ಮನುಷ್ಯರ ಮೈಗೆ ಹಾಕಬೇಕಾದರೆ ಯೋಜನೆ ಚಾಲ್ತಿಯಲ್ಲಿರಬೇಕು, ಅನುಮತಿ ಜೀವಂತ ಇರಬೇಕು. ಈ ನಿಯಮವನ್ನು ನಾನು ಹಳಿಯುವುದಿಲ್ಲ. ಕಂಡಕಂಡವರು ಕಂಡಕಂಡದ್ದನ್ನು ಬೆಳೆಸಿ ಬಡವರ ಮೈಮೇಲೆ ಪರೀಕ್ಷೆ ಮಾಡಬಾರದಲ್ಲ. ನಿಯಮ ಒಳ್ಳೆಯದೇ. ಕಾವಲುಗಾರನನ್ನು ನೇಮಿಸಿದ್ದೂ ಒಳ್ಳೆಯದೇ. ಆದರೆ ಬಾಗಿಲಿಗೆ ಬೀಗ ಜಡಿದು ಕಾವಲುಗಾರ ಊರಿಗೆ ಹೋದರೆ ಒಳಗಿದ್ದವರು ಏನು ಮಾಡಬೇಕು?

ಡಾಕ್ಟರು ಸಮಿತಿಯ ಕಚೇರಿಗೆ ಫೋನ್ ಮಾಡುವಾಗ ನಾನು ಎದುರಿಗೇ ಕುಳಿತಿದ್ದೆ. ಕಡತ ತಮ್ಮ ಮೇಜಿನ ಮೇಲಿದೆ, ತಾವು ವಿದೇಶದಲ್ಲಿದ್ದೀರಿ ಎಂದು ಆ ಕಡೆಯವರು ಹೇಳಿದರು. ಯಾವ ಕಾರ್ಯಕ್ಕೆ ಎಂದು ಕೇಳಿದರೆ ಜೈವಿಕ ಸಂಶೋಧನೆಯಲ್ಲಿ ನಮ್ಮ ದೇಶದ ಸ್ವಾವಲಂಬನೆ ಕುರಿತು ಉಪನ್ಯಾಸ ಎಂದರು. ಉಪನ್ಯಾಸ ಚೆನ್ನಾಗಿ ಆಗಿರಬೇಕು. ಬೇರೆ ಯಾರಾದರೂ ಸಹಿ ಮಾಡಬಹುದೇ ಎಂದು ಡಾಕ್ಟರು ಕೇಳಿದರು. ಅಂಥ ಅವಕಾಶ ಇಲ್ಲವಂತೆ. ಬಟ್ಟಲಿನ ಪದರವನ್ನು ಎಷ್ಟು ದಿನ ಇಡಬಹುದು ಎಂದು ಆ ಕಡೆಯವರು ವಿಚಾರಿಸಿದರು. ಕೆಲವೇ ದಿನ ಎಂದಾಗ, "ಫ್ರಿಜ್ಜಿನಲ್ಲಿ ಇಡಿ" ಎಂದು ಸಲಹೆ ಕೊಟ್ಟರು. ಅಂಗಾಂಶ ಸಂಶೋಧನೆಯ ಭವಿಷ್ಯ ನಿರ್ಧರಿಸುವ ಕಚೇರಿಯಿಂದ ಬಂದ ಸಲಹೆ ಇದು. ಅದನ್ನು ಮೊಸರು ಎಂದು ತಿಳಿದಿದ್ದರೋ ಏನೋ.

ಏಪ್ರಿಲ್ ಬಂತು. ಡಾಕ್ಟರು ಪದರಕ್ಕೆ ದಿನಾ ಪೋಷಕ ದ್ರವ ಬದಲಿಸುತ್ತ ಕಾಯ್ದರು. ನನಗೆ ತಡೆಯಲಾಗಲಿಲ್ಲ. ಅವರ ಕೋಣೆಗೆ ಹೋಗಿ ಕೈಮುಗಿದೆ. "ಹೊದಿಸಿಬಿಡ್ರಿ ಮೇಡಂ. ಯಾರಿಗೂ ಹೇಳಂಗಿಲ್ಲ ನಾವು. ಸತ್ರೂ ಬಾಯಿ ಬಿಡಂಗಿಲ್ಲ" ಎಂದೆ. ಅವರು ತಲೆ ಬಗ್ಗಿಸಿ ಕುಳಿತರು. "ಆಗಲ್ಲ ಚೌಡಣ್ಣ. ಇವತ್ತು ನಿನ್ನ ಹೆಂಡತಿಗೋಸ್ಕರ ನಾನು ಕದ್ದು ಮಾಡಿದರೆ, ನಾಳೆ ದುಡ್ಡಿಗೋಸ್ಕರ ಕದ್ದು ಮಾಡುವವನನ್ನ ಯಾವ ಬಾಯಲ್ಲಿ ಬೇಡ ಅನ್ನಲಿ?" ಎಂದರು. ನಾನು ಸಿಟ್ಟಿನಲ್ಲಿ ಆಡಬಾರದ ಮಾತು ಆಡಿ ಹೊರಗೆ ಬಂದೆ. ಛತ್ರಕ್ಕೆ ಬಂದು ಹೇಳಿದಾಗ ದುರ್ಗಾ ನನ್ನ ಪರ ನಿಲ್ಲಲಿಲ್ಲ. "ಅಕಿ ಹೇಳಿದ್ದು ಖರೇ ಐತಿ. ನನ್ನ ಸಲುವಾಗಿ ಅಕಿ ಕೆಲಸ ಕಳಕೊಂಡ್ರ, ನನ್ನ ಹಿಂದ ಪಾಳಿ ಹಚ್ಚಿ ನಿಂತೋರ ಗತಿ ಏನ್ರಿ?" ಎಂದಳು. ಸೆರೆಯಲ್ಲಿದ್ದವಳು ತನ್ನ ಹಿಂದಿದ್ದವರನ್ನು ನೆನೆದಳು. ಕಣ್ಣಿಲ್ಲದೆಯೂ ಅವಳಿಗೆ ಕಂಡ ಆ ಪಾಳಿ, ಮಾನ್ಯರೇ, ತಮಗೇಕೆ ಕಾಣಲಿಲ್ಲ?

ಪದರ ಸತ್ತಿತು. ಅಂಚಿನಿಂದ ಮುದುಡಿಕೊಂಡು ಬಂತಂತೆ. ಡಾಕ್ಟರು ಅದನ್ನು ಮರೆಮಾಚಲಿಲ್ಲ, ಬಟ್ಟಲನ್ನೇ ನಮ್ಮ ಮುಂದೆ ತಂದಿಟ್ಟರು. ತಳದಲ್ಲಿ ಈರುಳ್ಳಿಯ ಒಳಸಿಪ್ಪೆಯಂಥ ಒಂದು ಚೂರು. ದುರ್ಗಾ ಕೈ ಚಾಚಿದಳು.

"ಮುಟ್ಟಲೇನ್ರಿ?"

"ಇದನ್ನ ಸುಟ್ಟು ಹಾಕಬೇಕಮ್ಮ, ನಿಯಮ ಹಂಗೈತೆ."

"ನನ್ನ ಮೈಯಾಗಿಂದು, ನಾನು ಮುಟ್ಟಾಕನೂ ಅಪ್ಪಣಿ ಬೇಕೇನ್ರಿ?"

ಡಾಕ್ಟರು ಬಟ್ಟಲನ್ನು ಅವಳ ಅಂಗೈಯಲ್ಲಿ ಇಟ್ಟರು. ಅವಳು ಕಿರುಬೆರಳಿನ ತುದಿಯಿಂದ ಒಮ್ಮೆ ಮುಟ್ಟಿದಳು. "ಎಷ್ಟ್ ತೆಳ್ಳಗ ಐತಿ" ಎಂದಳು. ಬಟ್ಟಲು ತಿರುಗಿ ಕೊಟ್ಟು, ಸೆರಗಿನಿಂದ ಬೆರಳು ಒರೆಸಿಕೊಳ್ಳದೆ ಮುಷ್ಟಿ ಕಟ್ಟಿ ಕುಳಿತಳು. ಕೂಡ್ಲಿಗಿಗೆ ಬರುವ ಬಸ್ಸಿನಲ್ಲೂ ಆ ಮುಷ್ಟಿ ಬಿಚ್ಚಲಿಲ್ಲ. ಮನೆಗೆ ಬಂದು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು.

ಮೇ ತಿಂಗಳಲ್ಲಿ ಡಾಕ್ಟರಿಗೆ ತಮ್ಮ ಉತ್ತರ ಬಂತು. ಯೋಜನೆ ಮುಂದುವರಿಯುವುದಿಲ್ಲ, ಏಕೆಂದರೆ 'ಪ್ರಸ್ತಾಪಿತ ಸಂಶೋಧನೆಯು ರಾಷ್ಟ್ರೀಯ ಆದ್ಯತೆಗಳಿಗೆ ಅನುಗುಣವಾಗಿಲ್ಲ.' ಒಂದೇ ಸಾಲು. ನಮ್ಮ ಕಡೆ ಮೈಲಾರದಲ್ಲಿ ವರ್ಷಕ್ಕೊಮ್ಮೆ ಜಾತ್ರೆಯ ದಿನ ಗೊರವಯ್ಯ ಎತ್ತರದ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ, ಅಂದರೆ ಬರುವ ವರ್ಷದ ಭವಿಷ್ಯ, ನುಡಿಯುತ್ತಾನೆ. ಜನ ವರ್ಷವಿಡೀ ಅದರ ಅರ್ಥ ಹುಡುಕುತ್ತಾರೆ. ಆದರೆ ಗೊರವಯ್ಯ ಉಪವಾಸ ಇದ್ದು, ಲಕ್ಷ ಜನರ ಎದುರಿಗೆ ನಿಂತು ನುಡಿಯುತ್ತಾನೆ. ತಾವು ಯಾರ ಎದುರಿಗೆ ನಿಂತು ನುಡಿದಿರಿ? ಡಾಕ್ಟರು ವಿವರಣೆ ಕೇಳಿದ್ದಕ್ಕೆ, ಅಂಗಾಂಶ ಅಂಗಾಂಗ ಬೆಳೆಸುವುದೆಲ್ಲ ಮುಂದುವರಿದ ದೇಶಗಳ ಚಿಂತೆ, ನಮ್ಮಂಥ ದೇಶ ಮೊದಲು ಮಲೇರಿಯಾ, ವಾಂತಿಭೇದಿ ನೋಡಬೇಕು ಎಂಬ ಮಾತು ಬಂತಂತೆ.

ವಾಂತಿಭೇದಿಯ ಬಗ್ಗೆ ನನಗೆ ಪಾಠ ಬೇಡ. ನಮ್ಮ ಓಣಿಗೆ ಅದು ಮಳೆಗಾಲದ ನೆಂಟ. ಅದರ ಔಷಧಿಯ ಪಾಲು ಕಸಿದು ನನ್ನ ಹೆಂಡತಿಗೆ ಕೊಡಿ ಎಂದು ನಾನು ಕೇಳಿಲ್ಲ, ಅವಳೂ ಕೇಳುವವಳಲ್ಲ. ಆದರೆ ಬಡವರಿಗೆ ಬರುವುದು ಭೇದಿ ಮಾತ್ರ, ಕಣ್ಣು ಚರ್ಮ ಮೂತ್ರಪಿಂಡಗಳೆಲ್ಲ ಹೋಗುವುದು ಶ್ರೀಮಂತರಿಗೆ ಎಂದು ತಮಗೆ ಯಾರು ಹೇಳಿದರು? ಸುಣ್ಣದ ಡ್ರಮ್ಮಿನ ಪಕ್ಕ ನಿಲ್ಲುವವರು ಯಾರು? ಸ್ಟವ್ ಸಿಡಿದು ಮೈ ಸುಟ್ಟುಕೊಳ್ಳುವವರು ಯಾರು? ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ತಾವು ಒಮ್ಮೆ ನಡೆದರೆ ತಮ್ಮ ಸರೀಕರು ಎಷ್ಟು ಮಂದಿ ಸಿಗುತ್ತಾರೆ ನೋಡಿ. ಇನ್ನೊಬ್ಬರ ಅಂಗ ಕೊಂಡು ತರುವ ದಾರಿ ಶ್ರೀಮಂತರಿಗೆ ಹೇಗೋ ಇದ್ದೇ ಇದೆ. ತನ್ನ ಮೈಯಿಂದ ತನಗೇ ಬೆಳೆಸಿಕೊಳ್ಳುವ ವಿದ್ಯೆ ಯಾರಿಗೆ ಹೆಚ್ಚು ಬೇಕು? ಇಪ್ಪತ್ತು ವರ್ಷದ ನಂತರ ಇದೇ ಪದರ ಹೊರದೇಶದಿಂದ ಚಂದದ ಪೊಟ್ಟಣದಲ್ಲಿ ಬರುತ್ತದೆ. ಆಗ ಅದರ ಬೆಲೆ ಇಳಿಸುವುದು ಹೇಗೆಂದು ಒಂದು ಸಮಿತಿಯಾಗುತ್ತದೆ. ಅದಕ್ಕೂ ತಾವೇ ಅಧ್ಯಕ್ಷರಾಗಬಹುದು.

ಈಗಿನ ಸ್ಥಿತಿ ಹೀಗಿದೆ. ಪ್ರಯೋಗಾಲಯಕ್ಕೆ ಬೀಗ ಬಿದ್ದಿದೆ. ಕೋಶ ಬೆಳೆಸುವುದು ಕಲಿತಿದ್ದ ಹುಡುಗಿಯರು ಬೇರೆ ಕೆಲಸ ಹಿಡಿದು ಹೋದರು. ಡಾಕ್ಟರು ದಿನಾ ಮಾಮೂಲಿ ಕಣ್ಣು ಪರೀಕ್ಷೆ ಮಾಡುತ್ತ ಕುಳಿತಿದ್ದಾರೆ. ದುರ್ಗಾಳ ಎಡಗಣ್ಣಿನ ಗುಡ್ಡೆ ತೆಳುವಾಗುತ್ತಿದೆ, ತೂತು ಬಿದ್ದರೆ ಆಮೇಲೆ ಯಾವ ಪದರವೂ ಪ್ರಯೋಜನಕ್ಕೆ ಬಾರದು ಎಂದು ಹೋದ ವಾರ ಹೇಳಿದರು. ಇನ್ನೂ ಕಾಯು ಎಂದು ಅವಳಿಗೆ ಹೇಳಲು ನನ್ನಲ್ಲಿ ಇನ್ನು ಮಾತು ಉಳಿದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ಯೋಜನೆಯ ಕಡತವನ್ನು ಮತ್ತೆ ತೆರೆಯಿರಿ, ಡಾಕ್ಟರನ್ನು ಎದುರಿಗೆ ಕೂರಿಸಿಕೊಂಡು ಕೇಳಿ, ತಪ್ಪಿದ್ದರೆ ಬರೆದು ಕಾರಣ ಕೊಡಿ, ತಪ್ಪಿಲ್ಲದಿದ್ದರೆ ಮಳೆಗಾಲ ಮುಗಿಯುವ ಮೊದಲು ಮಂಜೂರು ಮಾಡಿ. ಅದಕ್ಕಿಂತ ಮುಖ್ಯವಾಗಿ ತಮ್ಮ ನಿಯಮಾವಳಿಗೆ ಒಂದು ವಾಕ್ಯ ಸೇರಿಸಿ: ಒಬ್ಬ ಮನುಷ್ಯನ ಮೈಯಿಂದ ಜೀವಂತ ತುಣುಕು ತೆಗೆದ ಮೇಲೆ, ಅದು ಆ ಮೈಗೆ ಮರಳುವವರೆಗೆ ಯಾವ ವರ್ಷವೂ ಮುಗಿಯತಕ್ಕದ್ದಲ್ಲ, ಯಾವ ಅನುಮತಿಯೂ ಸಾಯತಕ್ಕದ್ದಲ್ಲ. ವಾಕ್ಯ ಸರಿ ಕಾಣದಿದ್ದರೆ ತಿದ್ದಿಕೊಳ್ಳಿ, ಸೇರಿಸುವುದನ್ನು ಮಾತ್ರ ಮುಂದೂಡಬೇಡಿ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಸಂಜೆ ಬಾಗಿಲ ಹೊರಗೆ ಕುಳಿತು ದುರ್ಗಾಳಿಗೆ ಓದಿ ಹೇಳಿದೆ. ಒಳಗೆ ಸದ್ದಿರಲಿಲ್ಲ. ನಿದ್ದೆ ಹೋಗಿರಬೇಕು ಎಂದುಕೊಂಡು ಏಳುವಾಗ ಅವಳ ದನಿ ಬಂತು.

"ಬೈದದ್ದು ಭಾಳಾತು. ಬೈಸ್ಕೊಂಡೋರು ಸಹಿ ಹಾಕ್ತಾರೇನ್ರಿ? ನಂದೊಂದು ಮಾತು ಕಡೀಕ ಬರೀರಿ. ಅವರು ತಗದದ್ದು ಬಲಗಲ್ಲದಾಗಿಂದು. ಎಡಗಲ್ಲ ಇನ್ನೂ ಐತಿ ಅಂತ ಹೇಳ್ರಿ."

ಬರೆದಿದ್ದೇನೆ.

ಇಂತಿ,
ಬಾಗಿಲ ಹೊರಗೆ ಕುಳಿತವನು,
ಚೌಡಣ್ಣ
ಕೂಡ್ಲಿಗಿ, ಜೂನ್ 2007